ಗೋಡೆಯ ಬೂಷ್ಟಿಗೆ ಅಂಗಡಿಯ ಬಿಳಿ ವಿನೆಗರ್ ಸಾಕಾ?

ಮಂಗಳೂರಿನ ಮಳೆಗಾಲ ಗೊತ್ತಲ್ವಾ, ಜುಲೈ ಬಂತೆಂದರೆ ಕಪಾಟಿನ ಹಿಂದಿನ ಗೋಡೆಯೂ ಬಾತ್‌ರೂಮಿನ ಸೀಲಿಂಗೂ ಕಪ್ಪು ಚುಕ್ಕೆಯಿಂದ ತುಂಬಿಹೋಗುತ್ತವೆ. ಬೂಷ್ಟು ತೆಗೆಯಲು ನಾನು ಬಳಸುವುದು ಅಡುಗೆಗೆ ತರುವ ಬಿಳಿ ವಿನೆಗರ್. ನೀರು ಬೆರೆಸದೆ ಸ್ಪ್ರೇ ಮಾಡಿ, ಒಂದು ಗಂಟೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಪೇಂಟ್ ಮಾಡಿದ ಗೋಡೆಗೆ ಚೆನ್ನಾಗಿದೆ, ಬೆಲೆಯೂ ಕಡಿಮೆ. ವಾಸನೆ ಮಾತ್ರ ಸ್ವಲ್ಪ ಹೊತ್ತು ಇರುತ್ತದೆ, ಹಳೇ ಕಲೆಯೂ ಪೂರ್ತಿ ಹೋಗುವುದಿಲ್ಲ.

ಟೈಲ್ಸ್‌ಗೆ ಬ್ಲೀಚ್ ಇನ್ನೂ ವಾಸಿ, ಕಲೆಯನ್ನೂ ಬಿಳಿ ಮಾಡುತ್ತದೆ. ಆದರೆ ಸಿಮೆಂಟ್ ಗಾರೆಯಂಥ ನೀರು ಹೀರುವ ಗೋಡೆಯಲ್ಲಿ ಮೇಲಿನ ಬಣ್ಣ ಹೋಗಿ ಒಳಗಿನ ಬೂಷ್ಟು ಉಳಿದುಬಿಡಬಹುದು.

ದಯವಿಟ್ಟು ಇದೊಂದು ನೆನಪಿಡಿ: ಬ್ಲೀಚ್ ಜೊತೆ ವಿನೆಗರ್ ಆಗಲಿ, ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಆಗಲಿ ಬೆರೆಸಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿದರೆ ಅಪಾಯ ಇಲ್ಲ, ಆದರೆ ಸುಮ್ನೆ ನೊರೆ ಬರುತ್ತದೆ ಅಷ್ಟೇ, ಎರಡರ ಶಕ್ತಿಯೂ ಹೋಗುತ್ತದೆ.

ಸೀಲಿಂಗ್ ಉಜ್ಜುವಾಗ ಕನ್ನಡಕ, ಮಾಸ್ಕ್, ಗ್ಲೌಸ್ ಬೇಕೇ ಬೇಕು. ಒಣ ಪೊರಕೆಯಲ್ಲಿ ಗುಡಿಸಬೇಡಿ, ಬೂಷ್ಟಿನ ಪುಡಿ ಮನೆಯೆಲ್ಲಾ ಹರಡುತ್ತದೆ. ಜಿಪ್ಸಮ್ ಸೀಲಿಂಗ್ ನೆನೆದು ಮೆತ್ತಗಾಗಿದ್ದರೆ ಯಾವ ಕ್ಲೀನರೂ ಬೇಡ, ಆ ಭಾಗ ಕತ್ತರಿಸಿ ತೆಗೆಸಿ. ಟೆರೇಸ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಇಲ್ಲದಿದ್ದರೆ ಬೂಷ್ಟು ಮತ್ತೆ ಬರುತ್ತದೆ.

ವಿನೆಗರ್‌ಗೆ ನನ್ನ ಕಡೆಯಿಂದ 5ಕ್ಕೆ 4.