ಗ್ರೂಪ್ ಶೋಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬೆಂಗಳೂರಿನ ಒಂದು ಬಾಡಿಗೆ ಹಾಲ್‌ನಲ್ಲಿ ಮೂರು ದಿನ ನಡೆದ ಸಮೂಹ ಚಿತ್ರಕಲಾ ಪ್ರದರ್ಶನ. ಕೊನೆಯ ದಿನ ಸಂಜೆ ಕಲಾವಿದರ ಕೈಗೆ ವಾಪಸ್ ಬಂದದ್ದು ಇಷ್ಟು: ಗಾಜು ಒಡೆದು, ಅದರ ಚೂರು ಕಾಗದವನ್ನೇ ಸೀಳಿದ್ದ ಒಂದು ಜಲವರ್ಣ ಚಿತ್ರ, ಬಬಲ್ ರ‍್ಯಾಪಿನ ಗುಳ್ಳೆಗಳ ಅಚ್ಚು ಸಾಲುಸಾಲಾಗಿ ಮೂಡಿದ್ದ ಒಂದು ಅಕ್ರಿಲಿಕ್ ಕ್ಯಾನ್ವಾಸ್. ಅಂಗೈಯಗಲದ ಇನ್ನೊಂದು ಕೃತಿ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಆಯೋಜಕರನ್ನು ಕೇಳಿದರೆ "ಹಾಲ್‌ನವರನ್ನು ಕೇಳಿ" ಎಂದರು. ಹಾಲ್‌ನವರು "ನಾವು ಜಾಗ ಬಾಡಿಗೆಗೆ ಕೊಟ್ಟಿದ್ದೇವೆ, ಅಷ್ಟೇ" ಎಂದರು. ಕಲಾವಿದರ ಹತ್ತಿರ ಇದ್ದದ್ದು ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ವಾಟ್ಸಾಪ್‌ನಲ್ಲಿ ಬಂದ ಪೋಸ್ಟರ್, ಎರಡೇ.

ಹಾಲ್‌ನವರು ಹೇಳಿದ್ದು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಬಾಡಿಗೆ ಹಾಲ್‌ನಲ್ಲಿ ನಡೆಯುವ ಪ್ರದರ್ಶನಕ್ಕೆ ಒಪ್ಪಂದ ಆಗುವುದು ಹಾಲ್‌ಗೂ ಆಯೋಜಕರಿಗೂ ನಡುವೆ. ಕೃತಿ ಕೊಟ್ಟ ಕಲಾವಿದರ ಹೆಸರು ಆ ಕಾಗದದಲ್ಲಿ ಇರುವುದಿಲ್ಲ. ಅವರಿಗೂ ಆಯೋಜಕರಿಗೂ ನಡುವೆ ಬೇರೊಂದು ಕಾಗದ ಇರಬೇಕು. ನಮ್ಮಲ್ಲಿ ಬಹುಪಾಲು ಗ್ರೂಪ್ ಶೋಗಳಲ್ಲಿ ಅದೇ ಇರುವುದಿಲ್ಲ. ಹಾಗಾಗಿ ಏನಾದರೂ ಆದಾಗ ಇಬ್ಬರೂ ಕೈ ಎತ್ತಿಬಿಡುತ್ತಾರೆ.

ಪೋಸ್ಟರಿನಲ್ಲಿ ಸ್ಥಳದ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕುವುದು ರೂಢಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಾಗಲಿ, ಎಂ.ಜಿ. ರಸ್ತೆಯ ರಂಗೋಲಿ ಮೆಟ್ರೋ ಕಲಾ ಕೇಂದ್ರವಾಗಲಿ, ಕಲಾವಿದರು ಶುಲ್ಕ ಕಟ್ಟಿ ಪಡೆಯಬಹುದಾದ ಜಾಗಗಳು. ಅದು ಒಳ್ಳೆಯ ವ್ಯವಸ್ಥೆಯೇ. ಅಂಥ ಜಾಗಗಳಿಂದಲೇ ಎಷ್ಟೋ ಹೊಸಬರಿಗೆ ಗೋಡೆ ಸಿಕ್ಕಿದೆ. ಆದರೆ ಬಾಡಿಗೆಯ ಪ್ರದರ್ಶನದ ಪೋಸ್ಟರಿನಲ್ಲಿ ಸ್ಥಳದ ಹೆಸರು ವಿಳಾಸ ಮಾತ್ರ. ಆ ಸಂಸ್ಥೆ ನಿಮ್ಮ ಚಿತ್ರವನ್ನು ಆರಿಸಿದೆ ಎಂದು ಅದರ ಅರ್ಥವಲ್ಲ. ದುಡ್ಡು ಕಟ್ಟುವ ಮುಂಚೆ ಹಾಲ್‌ನ ಕಚೇರಿಗೆ ನೇರವಾಗಿ ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ಆ ತಾರೀಕಿಗೆ ಬುಕಿಂಗ್ ಆಗಿದೆಯೇ, ಯಾರ ಹೆಸರಿನಲ್ಲಿ, ಯಾವ ಗ್ಯಾಲರಿ, ಚಿತ್ರ ತೂಗುಹಾಕುವ ದಿನ ಬಾಡಿಗೆಯಲ್ಲಿ ಸೇರಿದೆಯೇ. ಕೊನೆಯದನ್ನು ಯಾರೂ ಕೇಳುವುದಿಲ್ಲ. ತೂಗುಹಾಕಲು ಪ್ರತ್ಯೇಕ ಸಮಯ ಇಲ್ಲವೆಂದರೆ, ಉದ್ಘಾಟನೆಯ ಬೆಳಿಗ್ಗೆಯೇ ಎಂಬತ್ತು ಚಿತ್ರಗಳು ಅವಸರದಲ್ಲಿ ಗೋಡೆ ಹತ್ತುತ್ತವೆ.

ಇನ್ನು ಲೆಕ್ಕ. ಉದಾಹರಣೆಗೆ 40 ಜನ, ತಲಾ 4,000 ರೂಪಾಯಿ, ತಲಾ ಎರಡು ಕೃತಿ ಎಂದುಕೊಳ್ಳಿ. 1,60,000 ರೂಪಾಯಿ ಉದ್ಘಾಟನೆಗೆ ಮೊದಲೇ ಸಂಗ್ರಹವಾಯಿತು. ಹಾಲ್‌ನ ಗೋಡೆಗಳ ಒಟ್ಟು ಉದ್ದ 120 ಅಡಿ, ಅಂದರೆ 1,440 ಇಂಚು. 80 ಕೃತಿಗೆ ಹಂಚಿದರೆ ಒಂದಕ್ಕೆ 18 ಇಂಚು. ಎರಡು ಚಿತ್ರಗಳ ನಡುವಿನ ಖಾಲಿ ಜಾಗವೂ ಅದರೊಳಗೇ. 24 ಇಂಚಿನ ಕ್ಯಾನ್ವಾಸ್ ಅಲ್ಲಿ ಒಂದೇ ಸಾಲಿನಲ್ಲಿ ಕೂರುವುದೇ ಇಲ್ಲ. ಆಗ ಎರಡು ಸಾಲು ಮಾಡುತ್ತಾರೆ. ಚಿತ್ರದ ನಡುಬಿಂದು ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿದ್ದರೆ ನಿಂತು ನೋಡುವವರ ಕಣ್ಣಿಗೆ ಸರಿಯಾಗಿ ಬೀಳುತ್ತದೆ. ಎರಡು ಸಾಲಾದರೆ ಒಂದು ಸಾಲು ತಲೆಯ ಮೇಲೆ, ಇನ್ನೊಂದು ಮೊಣಕಾಲಿನ ಹತ್ತಿರ. ಮೊಣಕಾಲಿನ ಸಾಲು ಯಾರಿಗೆ ಬರುತ್ತದೆ ಎಂಬುದು ಅಲ್ಲಿಗೆ ಹೋದ ಮೇಲೇ ತಿಳಿಯುವುದು. ಆದ್ದರಿಂದ "ಎರಡು ಕೃತಿಗೆ ಅವಕಾಶ" ಎಂಬ ಮಾತಿಗೆ ತೃಪ್ತರಾಗಬೇಡಿ. ನನಗೆ ಎಷ್ಟು ಅಡಿ ಗೋಡೆ, ಒಂದೇ ಸಾಲೋ ಎರಡೋ, ಒಟ್ಟು ಎಷ್ಟು ಜನ ಎಂದು ಕೇಳಿ ಬರೆಸಿಕೊಳ್ಳಿ.

ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಎಂದಲ್ಲ. ಹತ್ತು ಜನ ಗೆಳೆಯರು ಬಾಡಿಗೆ, ಆಹ್ವಾನ ಪತ್ರಿಕೆ, ಚಹಾದ ಖರ್ಚು ಹಂಚಿಕೊಂಡು, ಕೊನೆಗೆ ಲೆಕ್ಕ ಎಲ್ಲರ ಮುಂದಿಟ್ಟು ಮಾಡುವ ಪ್ರದರ್ಶನ ಇವತ್ತಿಗೂ ಅತ್ಯಂತ ಆರೋಗ್ಯಕರ ದಾರಿ. ಗಮನಿಸಬೇಕಾದ್ದು ಆಯೋಜಕರ ಆದಾಯ ಎಲ್ಲಿಂದ ಬರುತ್ತದೆ ಎಂಬುದನ್ನು. ಅದು ಪೂರ್ತಿ ಕಲಾವಿದರಿಂದಲೇ ಬಂದು, ಉದ್ಘಾಟನೆಗೆ ಮೊದಲೇ ಮುಗಿದಿದ್ದರೆ, ಆಮೇಲೆ ಕೊಳ್ಳುವವರನ್ನು ಕರೆತರುವ ಗರಜು ಅವರಿಗೆ ಇರುವುದಿಲ್ಲ. ಚಿತ್ರ ಕಳಿಸಿದ ಅರ್ಧ ಗಂಟೆಯಲ್ಲಿ "ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ" ಎಂಬ ಸಂದೇಶ, ಎಲ್ಲರಿಗೂ ಒಂದೊಂದು ಪದಕ, "ಇಂಟರ್‌ನ್ಯಾಷನಲ್" ಎಂಬ ಪ್ರಮಾಣಪತ್ರ: ಇವು ಒಟ್ಟಿಗೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಕರ್ನಾಟಕ ಲಲಿತಕಲಾ ಅಕಾಡೆಮಿ ಸರ್ಕಾರದ ಸಂಸ್ಥೆ. ದೆಹಲಿಯ ಲಲಿತ ಕಲಾ ಅಕಾಡೆಮಿ 1954ರಿಂದ ಇರುವ ರಾಷ್ಟ್ರೀಯ ಸಂಸ್ಥೆ. ಇವುಗಳ ಪ್ರಶಸ್ತಿಗೆ ತೀರ್ಪುಗಾರರಿರುತ್ತಾರೆ. ಅಕಾಡೆಮಿ, ರಾಷ್ಟ್ರೀಯ, ಭಾರತ ಎಂಬ ಪದಗಳನ್ನು ಜೋಡಿಸಿದ ಖಾಸಗಿ ಹೆಸರು ಕಂಡಾಗ ಗಡಿಬಿಡಿಯಲ್ಲಿ ಅದೇ ಇದು ಎಂದುಕೊಳ್ಳಬೇಡಿ. ಊರಿನಲ್ಲಿರುವ ತಂದೆತಾಯಿ ಮಕ್ಕಳ ಹೆಸರಿನ ಪದಕವೆಂದು ಸಾಲ ಮಾಡಿ ದುಡ್ಡು ಕಳಿಸಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾರಾಟದ ಲೆಕ್ಕವನ್ನೂ ಮೊದಲೇ ಹಾಕಿ. ಚಿತ್ರದ ಬೆಲೆ 10,000; ಕಮಿಷನ್ ಶೇಕಡ 30 ಅಂದರೆ 3,000 ಹೋಯಿತು. ಫ್ರೇಮಿಗೆ 2,500 ಹೋಯಿತು. ಉಳಿದ 4,500ರಲ್ಲಿ ಭಾಗವಹಿಸುವ ಶುಲ್ಕ 4,000 ಕಳೆದರೆ ಕೈಯಲ್ಲಿ 500. ಬಣ್ಣ, ಕ್ಯಾನ್ವಾಸ್, ಆಟೋ ಬಾಡಿಗೆ ಇನ್ನೂ ಬಂದೇ ಇಲ್ಲ. ಶುಲ್ಕವನ್ನೂ ತೆಗೆದುಕೊಂಡು ಕಮಿಷನ್ನನ್ನೂ ಕೇಳುವ ಕಡೆ, ಯಾವುದಾದರೂ ಒಂದನ್ನು ಬಿಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೊಳ್ಳುವವರು ಚೌಕಾಸಿ ಮಾಡಿದಾಗ ಬಿಟ್ಟುಕೊಟ್ಟ ದುಡ್ಡು ಯಾರ ಪಾಲಿನಿಂದ ಹೋಗುತ್ತದೆ, ಮಾರಾಟದ ಹಣ ಎಷ್ಟು ದಿನದಲ್ಲಿ ಕೈಸೇರುತ್ತದೆ ಎಂಬುದೂ ಕಾಗದದಲ್ಲಿರಲಿ.

ಆ ಕಾಗದಕ್ಕೆ ವಕೀಲರು ಬೇಕಿಲ್ಲ. ಒಂದು ಪುಟದ ಸ್ವೀಕೃತಿ ಪತ್ರ, ಎರಡು ಪ್ರತಿ. ಕೃತಿಯ ಹೆಸರು, ಮಾಧ್ಯಮ, ಫ್ರೇಮ್ ಸೇರಿಸಿ ಮತ್ತು ಬಿಟ್ಟು ಅಳತೆ, ರಚಿಸಿದ ವರ್ಷ, ಬೆಲೆ. ಕೊಡುವಾಗ ಅದರ ಸ್ಥಿತಿ ಹೇಗಿತ್ತು ಎಂದು ಒಂದು ಸಾಲು. ತಗೊಂಡವರ ಹೆಸರು, ಸಹಿ, ತಾರೀಕು, ಹಿಂದಿರುಗಿಸುವ ದಿನ ಮತ್ತು ಗಂಟೆ. "ಸ್ವೀಕರಿಸಿದ ಗಳಿಗೆಯಿಂದ ಹಿಂದಿರುಗಿಸುವವರೆಗೆ ಹಾನಿಯಾದರೆ ಅಥವಾ ಕಳೆದರೆ ಆಯೋಜಕರು ಹೊಣೆ, ಮೇಲೆ ನಮೂದಿಸಿದ ಬೆಲೆಯಂತೆ" ಎಂಬ ವಾಕ್ಯ ಇರಲೇಬೇಕು. ಬೆಲೆ ಬರೆಯದೆ ಬಿಟ್ಟರೆ ಆಮೇಲೆ "ಕಾಗದದ ಮೇಲಿನ ಚಿತ್ರ ತಾನೆ" ಎಂದು ಸಾವಿರ ರೂಪಾಯಿಗೆ ಮಾತು ಮುಗಿಸುತ್ತಾರೆ. ಕೊಡುವ ಹೊತ್ತಿಗೆ ಮುಂಭಾಗ, ಹಿಂಭಾಗ, ನಾಲ್ಕು ಮೂಲೆಗಳ ಫೋಟೋ ತೆಗೆದು ಆಯೋಜಕರಿಗೇ ಕಳಿಸಿಡಿ. ತಾರೀಕು, ಸಮಯ ತಾನಾಗಿ ದಾಖಲಾಗುತ್ತದೆ. ವಿಮೆ ಇದೆ ಎಂದು ಹೇಳಿದರೆ ಪಾಲಿಸಿಯ ಪ್ರತಿ ಕೇಳಿ. ಕಟ್ಟಡಕ್ಕೆ ಬೆಂಕಿಯ ವಿಮೆ ಇದ್ದರೆ ನಿಮ್ಮ ಚಿತ್ರಕ್ಕೂ ಇದೆ ಎಂದಾಗುವುದಿಲ್ಲ, ಸಾಗಣೆಯಲ್ಲಿ ಆಗುವ ಹಾನಿಯಂತೂ ಅದರಲ್ಲಿ ಬರುವುದೇ ಇಲ್ಲ.

ಭಾಗವಹಿಸಲು ತುಂಬುವ ಗೂಗಲ್ ಫಾರ್ಮಿನ ಕೊನೆಯಲ್ಲಿ ಟಿಕ್ ಹಾಕುವ ಸಾಲುಗಳನ್ನು ನಿಧಾನವಾಗಿ ಓದಿ. "ಕೃತಿಗಳ ಎಲ್ಲಾ ಹಕ್ಕುಗಳು ಆಯೋಜಕರದ್ದು" ಎಂಬ ಸಾಲು ಅಲ್ಲಿ ಅಡಗಿರುತ್ತದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ, ನೀವೇ ನಿಮ್ಮಿಷ್ಟದಂತೆ ಬರೆದ ಚಿತ್ರದ ಕೃತಿಸ್ವಾಮ್ಯ ನಿಮ್ಮದು. ಕ್ಯಾನ್ವಾಸ್ ಮಾರಿದ ಮಾತ್ರಕ್ಕೆ ಅದು ಕೊಂಡವರಿಗೆ ಹೋಗುವುದಿಲ್ಲ. ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆದಿಲ್ಲವಾದರೆ ಐದು ವರ್ಷ ಎಂದು ಪರಿಗಣನೆ. "ಈ ಪ್ರದರ್ಶನದ ಪ್ರಚಾರಕ್ಕೆ ಮತ್ತು ಕ್ಯಾಟಲಾಗಿಗೆ ಮಾತ್ರ" ಎಂದು ತಿದ್ದಿಸಿ. ಮೇಲ್‌ನಲ್ಲಿ ಕಳಿಸುವ ಚಿತ್ರವೂ ಅಷ್ಟಕ್ಕೇ ಸಾಲುವಂತಿರಲಿ: 4x6 ಇಂಚಿನ ಅಚ್ಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 1,200x1,800 ಪಿಕ್ಸೆಲ್ ಸಾಕು. ಪೂರ್ತಿ ರೆಸಲ್ಯೂಷನ್ನಿನ ಫೈಲ್ ಕೊಟ್ಟರೆ ಅದರಿಂದ ಕ್ಯಾಲೆಂಡರನ್ನೂ ಹೊಡೆಯಬಹುದು, ಗೋಡೆಯಗಲದ ಪ್ರಿಂಟನ್ನೂ ತೆಗೆಯಬಹುದು.

ಈಗ ಆ ಒಡೆದ ಗಾಜಿನ ವಿಷಯ. ಫ್ರೇಮಿನ ಹಿಂದೆ ಮೇಲಿನ ಪಟ್ಟಿಯ ನಡುವೆ ಹಲ್ಲುಹಲ್ಲಿನ ಒಂದೇ ಒಂದು ತಗಡಿನ ಕ್ಲಿಪ್ ಇತ್ತು. ಮನೆಯಲ್ಲಿ ಚಿಕ್ಕ ಫೋಟೋಗೆ ಅದು ನಡೆಯುತ್ತದೆ. ಗಾಜು ಹಾಕಿದ 22x30 ಇಂಚಿನ ಚಿತ್ರದ ಭಾರಕ್ಕೆ ಅದರ ಎರಡು ಪುಟ್ಟ ಮೊಳೆಗಳು ಮೆತ್ತನೆಯ ಮರದಿಂದ ಕಿತ್ತು ಬರುತ್ತವೆ. ಬೇಕಾದ್ದು ಎರಡು ಡಿ-ರಿಂಗ್, ಅಂದರೆ ತಂತಿ ಕಟ್ಟಲು ಇಂಗ್ಲಿಷಿನ ಡಿ ಅಕ್ಷರದ ಆಕಾರದ ಲೋಹದ ಬಳೆ. ಅಕ್ಕಪಕ್ಕದ ಪಟ್ಟಿಗಳಿಗೆ, ಮೇಲಿನಿಂದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಕೆಳಗೆ, ಸ್ಕ್ರೂ ಹಾಕಿ ಕೂರಿಸಬೇಕು. ಬೀಡಿಂಗ್ (ಫ್ರೇಮಿನ ಪಟ್ಟಿ) ತೆಳುವಾಗಿದ್ದರೆ ಸ್ಕ್ರೂ ಮುಂದೆ ಚುಚ್ಚಿಕೊಂಡು ಬರುತ್ತದೆ, ಫ್ರೇಮಿನವರಿಗೆ ಮೊದಲೇ ಹೇಳಿ. ಕಟ್ಟಲು ಸಣಬಿನ ಹುರಿ ಬೇಡ, ಹೆಣೆದ ನೈಲಾನ್ ಅಥವಾ ಫ್ರೇಮಿನ ತಂತಿ ಇರಲಿ. ಗೋಡೆಯಲ್ಲಿ ಒಂದರ ಬದಲು ಎರಡು ಕೊಕ್ಕೆಗೆ ಹಾಕಿದರೆ ಭಾರವೂ ಹಂಚಿಕೆಯಾಗುತ್ತದೆ, ಚಿತ್ರವೂ ಓರೆಯಾಗುವುದಿಲ್ಲ. ಡಬಲ್ ಸೈಡ್ ಟೇಪಿನಲ್ಲಿ ಅಂಟಿಸುತ್ತೇವೆ ಎಂದರೆ ಒಪ್ಪಲೇಬೇಡಿ. ಸುಣ್ಣದ ಪುಡಿಯ ಗೋಡೆಯ ಮೇಲೆ ಅದು ರಾತ್ರಿ ಕಳೆಯುವಷ್ಟರಲ್ಲಿ ಬಿಡುತ್ತದೆ.

ದೂರ ಸಾಗಿಸುವುದಾದರೆ ಗಾಜಿನ ಬದಲು 2 ಮಿ.ಮೀ. ಅಕ್ರಿಲಿಕ್ ಹಾಳೆ (ಪಾರದರ್ಶಕ ಪ್ಲಾಸ್ಟಿಕ್) ಹಾಕಿಸಿ, ಹಗುರ, ಚೂರಾಗುವುದಿಲ್ಲ. ಇದ್ದಿಲು ಮತ್ತು ಮೆತ್ತನೆಯ ಪ್ಯಾಸ್ಟೆಲ್ ಚಿತ್ರಗಳಿಗೆ ಮಾತ್ರ ಇದು ಕೂಡದು. ಅಕ್ರಿಲಿಕ್ ಹಾಳೆಯನ್ನು ಒರೆಸಿದಾಗ ಸ್ಥಿರವಿದ್ಯುತ್ ಹುಟ್ಟಿ ಬಣ್ಣದ ಪುಡಿಯನ್ನೇ ಎಳೆದುಕೊಳ್ಳುತ್ತದೆ. ಅವುಗಳಿಗೆ ಗಾಜೇ ಆಗಬೇಕು. ಸಾಗಿಸುವಾಗ ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಅಂಟಿಸಿ. ಒಡೆದರೂ ಚೂರುಗಳು ಕಾಗದದ ಮೇಲೆ ಜಾರುವುದಿಲ್ಲ. ಮಳೆಗಾಲದಲ್ಲಿ ಮೌಂಟ್ ಬೋರ್ಡ್ (ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಕೊಡುವ ರಟ್ಟಿನ ಚೌಕಟ್ಟು) ಇಲ್ಲದೆ ಜಲವರ್ಣವನ್ನು ಗಾಜಿಗೆ ತಾಗಿಸಿ ಕೂರಿಸಿದರೆ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ, ಕೆಲವೊಮ್ಮೆ ಕಾಗದ ಗಾಜಿಗೇ ಕಚ್ಚಿಕೊಳ್ಳುತ್ತದೆ. ಹಾಗಾದಾಗ ಎಳೆದು ಬಿಡಿಸಲು ಹೋಗಬೇಡಿ. ಗಾಜಿನ ಸಮೇತ ಸಂರಕ್ಷಣೆ ಬಲ್ಲವರ ಹತ್ತಿರ ಒಯ್ಯಿರಿ.

ಗುಳ್ಳೆಯ ಅಚ್ಚು ಬೀಳುವುದಕ್ಕೂ ಕಾರಣ ಸರಳ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಪ್ಲಾಸ್ಟಿಕ್ಕಿನಂಥ ಪದರವೇ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗುತ್ತದೆ. ಬಬಲ್ ರ‍್ಯಾಪ್ ನೇರವಾಗಿ ತಾಗಿದ್ದರೆ ಅಲ್ಲಿಗೆ ಮುಗಿಯಿತು. ಚಿತ್ರದ ನಾಲ್ಕು ಮೂಲೆಗೆ ದಪ್ಪ ರಟ್ಟಿನ ಟೋಪಿ ಮಾಡಿ ಹಾಕಿ, ಮೇಲೆ ಗಟ್ಟಿ ರಟ್ಟಿನ ಹಾಳೆ ಇಟ್ಟರೆ ಚಿತ್ರದ ಮುಖಕ್ಕೆ ಏನೂ ತಾಗುವುದಿಲ್ಲ. ಬಬಲ್ ರ‍್ಯಾಪ್ ಅದರ ಹೊರಗೆ, ಗುಳ್ಳೆ ಆಚೆಗೆ ಮುಖ ಮಾಡಿ. ತೈಲವರ್ಣ ದಪ್ಪವಾಗಿ ಬಳಿದಿದ್ದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ಹೋದ ತಿಂಗಳು ಮುಗಿಸಿದ ತೈಲಚಿತ್ರವನ್ನು ಇಂಥ ಪ್ರದರ್ಶನಕ್ಕೆ ಕೊಡದಿರುವುದೇ ಲೇಸು. ಗಾಡಿಯಲ್ಲಿ ಚಿತ್ರಗಳನ್ನು ನಿಲ್ಲಿಸಿ ಒಯ್ಯಬೇಕು, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನ ಕ್ಯಾನ್ವಾಸಿಗೆ ಮೇಲಿನದರ ಡಿ-ರಿಂಗ್ ಚುಚ್ಚುತ್ತದೆ.

ಹೆಚ್ಚಿನ ಅನಾಹುತ ಆಗುವುದು ಬಿಚ್ಚುವ ಸಂಜೆ. ಏಳು ಗಂಟೆಗೆ ಹಾಲ್ ಖಾಲಿ ಮಾಡಬೇಕು, ಮಾರನೆಯ ದಿನದವರು ಬಾಗಿಲಲ್ಲಿ ಕಾದಿರುತ್ತಾರೆ, ಬಂದಾಗ ಇದ್ದ ಪ್ಯಾಕಿಂಗ್ ಎಲ್ಲ ಒಂದೇ ಮೂಲೆಯಲ್ಲಿ ಗುಡ್ಡೆ. ಕಳೆದುಹೋದ ಆ ಪುಟ್ಟ ಚಿತ್ರ ಬಹುಶಃ ಇನ್ನೊಬ್ಬರ ಬಬಲ್ ರ‍್ಯಾಪಿನ ಜೊತೆಗೇ ಹೋಗಿರಬಹುದು, ಏಕೆಂದರೆ ಅದರ ಬೆನ್ನಿಗೆ ಹೆಸರಿರಲಿಲ್ಲ. ಪ್ರತಿ ಕೃತಿಯ ಹಿಂದೆ ಹೆಸರು, ಶೀರ್ಷಿಕೆ, ಫೋನ್ ನಂಬರ್ ಬರೆದ ಚೀಟಿ ಅಂಟಿಸಿ. ಕ್ಯಾನ್ವಾಸಿನ ಬಟ್ಟೆಗಲ್ಲ, ಮರದ ಪಟ್ಟಿಗೆ. ಆ ಸಂಜೆ ನೀವೇ ಹೋಗಿ, ಆಗದಿದ್ದರೆ ನಂಬಿಕೆಯವರನ್ನು ಕಳಿಸಿ. ಬಿಚ್ಚಿ ನೋಡಿದ ಮೇಲೆಯೇ ಸ್ವೀಕೃತಿ ಪತ್ರಕ್ಕೆ "ವಾಪಸ್ ಬಂತು" ಎಂದು ಸಹಿ ಹಾಕಿ.

ಹಾನಿ ಆಗಿಬಿಟ್ಟಿದ್ದರೆ ಅಲ್ಲೇ, ಪ್ಯಾಕಿಂಗ್ ಸಮೇತ ಫೋಟೋ ತೆಗೆದು, ಅದೇ ದಿನ ಆಯೋಜಕರಿಗೆ ಮೇಲ್ ಅಥವಾ ಸಂದೇಶದಲ್ಲಿ ಬರೆಯಿರಿ. ಫೋನಿನಲ್ಲಿ ಜಗಳವಾಡಿದ್ದಕ್ಕೆ ದಾಖಲೆ ಇರುವುದಿಲ್ಲ. ಉತ್ತರ ಬಾರದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಶುಲ್ಕ ಕಟ್ಟಿ ಪಡೆದ ಸೇವೆಯಾದ್ದರಿಂದ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಎರಡು ವರ್ಷದೊಳಗೆ ಹೋಗಬೇಕು.

ಪ್ರದರ್ಶನ ಮುಗಿದ ಮೇಲೆ ಬರುವ ಫೋನ್‌ಗಳ ಬಗ್ಗೆಯೂ ಹೇಳಬೇಕು. ಕ್ಯಾಟಲಾಗಿನಲ್ಲಿ ಎಲ್ಲರ ನಂಬರ್ ಅಚ್ಚಾಗಿರುತ್ತದೆ. "ನಿಮ್ಮ ಚಿತ್ರ ನೋಡಿದೆ, ಬೆಲೆ ಎಷ್ಟಾದರೂ ಸರಿ, ಈಗಲೇ ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂದು ಬಹಳ ವಿನಯದಿಂದ ಮಾತಾಡುತ್ತಾರೆ. ಮೊದಲ ಮಾರಾಟದ ಖುಷಿಯಲ್ಲಿರುವವರು ಸ್ಕ್ಯಾನ್ ಮಾಡಿ ಪಿನ್ ಒತ್ತಿಬಿಡುತ್ತಾರೆ. ದುಡ್ಡು ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಒತ್ತಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.