ಬಿಚ್ಚದ ಫ್ರೀವೀಲ್: ಉಳಿ, ಪೈಪ್, ವೈಸ್

ಮೊದಲೇ ಹೇಳಿಬಿಡುತ್ತೇನೆ, ಸೈಕಲ್‌ನ ಹಿಂದಿನ ಚಕ್ರದ ಫ್ರೀವೀಲ್ (ಚೈನ್ ಕೂರುವ ಹಲ್ಲಿನ ಚಕ್ರಗಳ ಗುಂಪು) ಬಿಚ್ಚೋಕೆ ನನ್ನ ಓಟು ಬೆಂಚ್ ವೈಸ್‌ಗೆ, ಅಂದರೆ ಬೆಂಚಿಗೆ ಬಿಗಿದ ಕಬ್ಬಿಣದ ದವಡೆಗೆ. ಉಳಿ-ಸುತ್ತಿಗೆ, ರಿಮೂವರ್ (ಫ್ರೀವೀಲ್ ನಡುವೆ ಕೂತು ಅದನ್ನು ಬಿಚ್ಚುವ ಟೂಲ್) ಜೊತೆ ಪೈಪ್, ರಿಮೂವರ್ ಜೊತೆ ವೈಸ್, ಮೂರನ್ನೂ ಒಂದೇ ಚಕ್ರದ ಮೇಲೆ ನೋಡಿದ್ದೇನೆ. ಬೇಕಂತ ಅಲ್ಲ, ಒಂದೊಂದೇ ಕೈಕೊಟ್ಟಿದ್ದಕ್ಕೆ.

ಚಾಮುಂಡಿ ಬೆಟ್ಟ ಹತ್ತುವಾಗ ಹಿಂದಿನ ಚಕ್ರದಲ್ಲಿ 'ಟಿಂಗ್' ಅಂತು. ಕಡ್ಡಿ ಮುರಿದಿತ್ತು, ಅದೂ ಚೈನ್ ಕಡೆಯದು. ಆ ಕಡೆಗೆ ಹೊಸ ಕಡ್ಡಿ ತೂರಿಸಬೇಕಾದರೆ ಫ್ರೀವೀಲ್ ಬಿಚ್ಚಲೇಬೇಕು. ಆರು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಫ್ರೀವೀಲ್ ಹಬ್‌ನ (ಚಕ್ರದ ನಡುಭಾಗದ) ತ್ರೆಡ್ ಮೇಲೆ ಬಲಕ್ಕೆ ತಿರುಗಿ ಕೂರುತ್ತದೆ, ಪೆಡಲ್ ತುಳಿದಷ್ಟೂ ಬಿಗಿಯಾಗುತ್ತದೆ. ಏರಿನಲ್ಲಿ ಹಿಂದಿನ ದೊಡ್ಡ ಹಲ್ಲಿಗೆ ಚೈನ್ ಹಾಕಿಕೊಂಡು ತುಳಿದರಂತೂ ಇನ್ನೂ ಜಾಸ್ತಿ. ಪ್ರತಿ ಭಾನುವಾರ ಬೆಟ್ಟ ಹತ್ತಿದವನು ನಾನೇ, ಅಂದರೆ ಬಿಗಿ ಮಾಡಿದವನೂ ನಾನೇ.

ಮನೆ ಹತ್ತಿರದ ಅಂಗಡಿಯ ಹುಡುಗ ಉಳಿ ತಗೊಂಡ. ಫ್ರೀವೀಲ್ ಮುಖದ ಮೇಲೆ ಎರಡು ಸಣ್ಣ ತೂತಿರುವ ಒಂದು ಬಳೆ ಇರುತ್ತದಲ್ಲ, ಅದಕ್ಕೆ ಉಳಿ ಇಟ್ಟು ಎಡಕ್ಕೆ ಹೊಡೆದ. ಇಪ್ಪತ್ತು ಏಟು ಬಿದ್ದರೂ ಏನೂ ಆಗಲಿಲ್ಲ. ಆ ಬಳೆಯ ತ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅವನು ಹೊಡೆದಷ್ಟೂ ಬಿಗಿಯಾಗುತ್ತಿತ್ತು! ಬಿಚ್ಚಿದ್ದರೂ ಒಳಗಿನ ಸಣ್ಣ ಗುಂಡೆಲ್ಲ ಉದುರಿ ಹೋಗುತ್ತಿದ್ದವು, ಹಬ್‌ಗೆ ಅಂಟಿಕೊಂಡ ಭಾಗ ಅಲ್ಲೇ ಇರುತ್ತಿತ್ತು. ಹೊರಗಿನ ಹಲ್ಲು ಹಿಡಿದು ಎಡಕ್ಕೆ ತಿರುಗಿಸೋಣ ಅಂದರೆ ಅದು ಸುಮ್ನೆ ಕಟಕಟ ಅಂತ ಸುತ್ತುತ್ತದೆ, ಫ್ರೀವೀಲ್ ಇರುವುದೇ ಅದಕ್ಕೆ. ಉಳಿಯ ವಿಷಯ ಇಷ್ಟೇ, ಬೇಡ.

ಆಮೇಲೆ 280 ರೂಪಾಯಿ ಕೊಟ್ಟು ರಿಮೂವರ್ ತಂದೆ. ತರುವ ಮುಂಚೆ ಒಂದು ಪರೀಕ್ಷೆ ಮಾಡಿ: ಹಲ್ಲಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ರಿಮೂವರ್ ಕೂರುವ ನಡುವಿನ ಭಾಗ ಸುಮ್ಮನಿದ್ದರೆ ಅದು ಫ್ರೀವೀಲ್, ಜೊತೆಗೆ ಸುತ್ತಿದರೆ ಕ್ಯಾಸೆಟ್, ಅಂದರೆ ಕಟಕಟ ಅನ್ನುವ ಭಾಗ ಹಬ್‌ನಲ್ಲೇ ಇರುವ ಇನ್ನೊಂದು ಥರದ್ದು. ಕ್ಯಾಸೆಟ್‌ನ ಟೂಲ್ ಬೇರೆ, ನೋಡೋಕೆ ಮಾತ್ರ ಒಂದೇ ಥರ.

ಅಡ್ಜಸ್ಟಬಲ್ ಸ್ಪ್ಯಾನರ್ ಹಿಡಿಗೆ ಎರಡಡಿ ಪೈಪ್ ಸೇರಿಸಿದೆ. ಹೆಂಡತಿ ಚಕ್ರವನ್ನು ಗೋಡೆಗೆ ಒತ್ತಿ ಹಿಡಿದುಕೊಂಡಳು. ಪೈಪ್ ಒತ್ತಿದರೆ ಚಕ್ರ ಉರುಳುತ್ತದೆ, ಚಕ್ರ ನಿಂತರೆ ಸ್ಪ್ಯಾನರ್ ಓರೆಯಾಗುತ್ತದೆ, ಓರೆಯಾದ ತಕ್ಷಣ ರಿಮೂವರ್ ಜಾರಿ ನನ್ನ ಬೆರಳಿನ ಗೆಣ್ಣು ಗೋಡೆಗೆ. "ರೀ, ಓನರ್ ಬಂದ್ರೆ ಈ ಕಲೆ ನೀವೇ ತೋರಿಸಿ, ನನ್ನ ಕರೀಬೇಡಿ" ಅಂತ ಹೇಳಿ ಅವಳು ಒಳಗೆ ಹೋದಳು.

ಆಗ ರಿಮೂವರ್ ತುದಿ ನೋಡಿದೆ. ಕಪ್ಪು ಬಣ್ಣ ಕಿತ್ತು ಹೊಳೆಯುತ್ತಿದ್ದ ಗೆರೆ ಬರೀ ಎರಡು ಮಿಲಿಮೀಟರ್. ಅಂದರೆ ಟೂಲ್ ಒಳಗೆ ಇಳಿದೇ ಇರಲಿಲ್ಲ, ಅಂಚಿಗೆ ಕಚ್ಚಿಕೊಂಡಿತ್ತು ಅಷ್ಟೇ. ತಲೆ ಕೆಡಿಸಿದ್ದು ಇದೇ. ಆಕ್ಸಲ್‌ನ ಹೊರಗಿನ ನಟ್ ಬಿಚ್ಚಿದರೂ ಒಳಗೆ ಇನ್ನೊಂದು ಲಾಕ್ ನಟ್ ಇರುತ್ತದೆ. ನನ್ನ ರಿಮೂವರ್‌ನ ಗೋಡೆ ದಪ್ಪ, ಆ ನಟ್‌ನ ಮೂಲೆಗೆ ತಾಗಿ ನಿಂತುಬಿಡುತ್ತಿತ್ತು. ಆ ನಟ್ ಫ್ರೀವೀಲ್ ಗುಂಡಿಯೊಳಗೆ ಹುದುಗಿದೆ, ನನ್ನ ಹತ್ತಿರ ಇದ್ದ ಯಾವ ಸ್ಪ್ಯಾನರ್ರೂ ಒಳಗೆ ಹೋಗಲಿಲ್ಲ.

ಕೊನೆಗೆ ಎಡಗಡೆಯ ಲಾಕ್ ನಟ್ ಮತ್ತು ಕೋನ್ (ಹಬ್‌ನ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ನಟ್) ಬಿಚ್ಚಿ, ಆಕ್ಸಲ್ಲನ್ನೇ ಬಲಗಡೆಯಿಂದ ಎಳೆದು ತೆಗೆದೆ. ಕೆಳಗೆ ಹಳೇ ಪೇಪರ್ ಹಾಸಿ, ಯಾಕೆಂದರೆ ಒಂದೊಂದು ಕಡೆಗೆ 9ರಂತೆ 18 ಗುಂಡು ಬೀಳುತ್ತವೆ. ನನಗೆ ಸಿಕ್ಕಿದ್ದು 17. ಈಗ ರಿಮೂವರ್ ಕಟಕ್ ಅಂತ ಪೂರ್ತಿ ಕೂತಿತು. ಆದರೆ ಅದನ್ನು ಒತ್ತಿ ಹಿಡಿಯೋಕೆ ಆಕ್ಸಲ್ಲೇ ಇಲ್ಲವಲ್ಲ! ಹಾರ್ಡ್‌ವೇರ್ ಅಂಗಡಿಯಿಂದ 8 ಎಂ.ಎಂ.ನ ಒಂದಡಿ ತ್ರೆಡ್ ರಾಡ್, ಎರಡು ನಟ್, ಎರಡು ದೊಡ್ಡ ವಾಶರ್ ತಂದು ಹಬ್ಬಿನೊಳಗೆ ತೂರಿಸಿ ಟೂಲನ್ನು ಬಿಗಿದೆ. ಮತ್ತೆ ಪೈಪ್ ಹಾಕಿದೆ. ಈ ಸಲ ಟೂಲ್ ಜಾರಲಿಲ್ಲ, ನಿಜ, ಚಕ್ರ ಮಾತ್ರ ಮೊದಲಿನ ಹಾಗೇ ಉರುಳಿತು.

ಹಾಗಾಗಿ ಟೂಲ್ ಬಿಗಿದ ಚಕ್ರವನ್ನೇ ಎತ್ತಿಕೊಂಡು ಮಂಡ್ಯ ರೈಲು ಹತ್ತಿದೆ. ಶ್ರೀರಂಗಪಟ್ಟಣದಲ್ಲಿ ಹತ್ತಿದ ಅಜ್ಜಿಯೊಬ್ಬರು "ಮಿಕ್ಕಿದ್ ಸೈಕಲ್ ಎಲ್ಲಪ್ಪಾ?" ಅಂದರು. ಭಾವ ಮಂಡ್ಯದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ, ಬೆಂಚಿಗೆ ಬೋಲ್ಟ್ ಹಾಕಿದ ದೊಡ್ಡ ವೈಸ್ ಇದೆ. ಚಕ್ರವನ್ನು ಮಲಗಿಸಿ, ಹಲ್ಲು ಕೆಳಗೆ ಮಾಡಿ, ರಿಮೂವರ್‌ನ ಆರು ಮೂಲೆಯನ್ನು ವೈಸ್ ದವಡೆಯಲ್ಲಿ ಕಚ್ಚಿಸಿದರು. "ಟೂಲ್ ತಿರುಗ್ಸೋಕೆ ಹೋಗ್ಬೇಡ ಕಣಯ್ಯ, ಅದ್ ಅಲ್ಲೇ ಇರ್ಲಿ. ಚಕ್ರ ತಿರುಗ್ಸು." ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ಟೈರನ್ನು ಎರಡೂ ಕಡೆ ಹಿಡಿದು, ಮೇಲಿನಿಂದ ನೋಡಿದಾಗ ಎಡಕ್ಕೆ ಎಳೆದೆ. ಟಕ್! ಏನೋ ಮುರಿದೇ ಹೋಯಿತು ಅಂದುಕೊಂಡೆ, ಬಿಟ್ಟಿದ್ದು ಫ್ರೀವೀಲ್.

26 ಇಂಚಿನ ಚಕ್ರವೇ ಇಲ್ಲಿ ಸ್ಪ್ಯಾನರ್ ಹಿಡಿ. ಎರಡು ಕೈಯ ಬಲವೂ ಬೀಳುತ್ತದೆ, ಟೂಲ್ ಓರೆಯಾಗುವ ಮಾತೇ ಇಲ್ಲ. ಒಂದು ಎಚ್ಚರ: ಟಕ್ ಅಂದ ಮೇಲೆ ಟೂಲ್ ಹಿಡಿದಿರುವ ನಟ್ಟನ್ನು ತಕ್ಷಣ ಸಡಿಲ ಮಾಡಿ. ಫ್ರೀವೀಲ್ ಹೊರಗೆ ಬರೋಕೆ ಜಾಗ ಬೇಕು, ಇಲ್ಲವಾದರೆ ಅದು ಆ ನಟ್ಟಿಗೇ ಒತ್ತಿಕೊಳ್ಳುತ್ತದೆ. ತುಕ್ಕಿನ ಸ್ಪ್ರೇ ಮೂರು ಸಲವೂ ಹೊಡೆದಿದ್ದೆ, ಅದಕ್ಕೆ ಎಷ್ಟು ಮಾರ್ಕ್ಸ್ ಕೊಡಬೇಕೋ ಗೊತ್ತಿಲ್ಲ.

ಹಾಗಂತ ನಾನು ವೈಸ್ ಕೊಳ್ಳಲ್ಲ. ಬಾಡಿಗೆ ಮನೆಯಲ್ಲಿ ಅದನ್ನು ಎಲ್ಲಿಗೆ ಬೋಲ್ಟ್ ಹಾಕಲಿ? ತಿಂಗಳಿಗೆ ಎರಡು ಸಲ ಹೇಗೂ ಮಂಡ್ಯಕ್ಕೆ ಹೋಗುತ್ತೇನೆ. ಭಾವ ಇಲ್ಲದವರು ರಿಮೂವರ್ ಮಾತ್ರ ಸ್ವಂತದ್ದು ಇಟ್ಟುಕೊಂಡು, ಹತ್ತಿರದ ವೆಲ್ಡಿಂಗ್ ಅಥವಾ ಲೇತ್ ಅಂಗಡಿಯಲ್ಲಿ ಐದು ನಿಮಿಷ ವೈಸ್ ಕೇಳಿ, ಟೀ ಕಾಸು ಕೊಟ್ಟರೆ ಆಯಿತು. ಆದರೆ ಟೂಲ್ ಪೂರ್ತಿ ಇಳಿದಿದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ.

ವಾಪಸ್ ಹಾಕುವಾಗ ತ್ರೆಡ್‌ಗೆ ಧಾರಾಳವಾಗಿ ಗ್ರೀಸ್ ಸವರಿದೆ. ಹಬ್ ಅಲ್ಯೂಮಿನಿಯಂ, ತ್ರೆಡ್ ಮೆತ್ತಗೆ, ಅದಕ್ಕೆ ಮೊದಲ ಮೂರು ಸುತ್ತು ಬೆರಳಿನಲ್ಲೇ ತಿರುಗಿಸಿದೆ. ಮಿಕ್ಕ ಬಿಗಿ ಬೆಟ್ಟವೇ ಮಾಡುತ್ತದೆ. 18ನೇ ಗುಂಡಿಗೆ ಭಾವನ ಡಬ್ಬಿಯಲ್ಲಿ ಕೈ ಹಾಕಿದೆ, ಕಾಲು ಇಂಚಿನದೇ ಸಿಕ್ಕಿತು. ಆದರೂ ಅಂಗಡಿಗೆ ಹೋಗಿ 18ನ್ನೂ ಹೊಸದೇ ತಂದು ಹಾಕಿದೆ.