24 ಗಂಟೆ ಮೌಂಟನ್ ಬೈಕ್ ರಿಲೇಗೆ ಹೋಗುವವರೇ, ರಾತ್ರಿ ಎಚ್ಚರ ಇರುವವರು ಯಾರು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ

ನಮ್ಮ ಟೀಮಿನ ನಾಲ್ಕನೆಯವನು ಕಾಲರ್ ಬೋನ್ ಮುರಿದುಕೊಂಡು, ಬೆಳಗಿನ ಜಾವದ ಕತ್ತಲಲ್ಲಿ, ಹಾದಿಯಿಂದ ಕೆಳಗೆ ಪೊದೆಯೊಳಗೆ ಬಿದ್ದಿದ್ದಾಗ ಉಳಿದ ಮೂವರು ಏನು ಮಾಡುತ್ತಿದ್ದೆವು ಗೊತ್ತಾ? ಇಬ್ಬರು ಟೆಂಟಿನಲ್ಲಿ ಗೊರಕೆ ಹೊಡೆಯುತ್ತಿದ್ದೆವು. ಇನ್ನೊಬ್ಬ ಅವನಿಗಾಗಿ ಕಾಯುತ್ತಾ ನಿಂತು, "ಇವನು ಯಾಕೆ ಇಷ್ಟು ನಿಧಾನ, ಎಲ್ಲೋ ಪಂಚರ್ ಮಾಡಿಕೊಂಡಿರಬೇಕು" ಅಂತ ಗೊಣಗುತ್ತಿದ್ದ. ಹೀಗೆ ಸುಮಾರು 40 ನಿಮಿಷ ಕಳೆಯಿತು. ಇದನ್ನು ಬರೆಯಲು ನನಗೇನೂ ಖುಷಿಯಿಲ್ಲ, ಯಾಕೆಂದರೆ ಮೊದಲ ತಪ್ಪು ನನ್ನದೇ. ಆದರೂ ಬರೆಯುತ್ತಿದ್ದೇನೆ. ಹೋಗುವ ಮೊದಲು ನಾವು ಓದಿದ್ದೆಲ್ಲ ಟೈರು ಯಾವುದು ಹಾಕಬೇಕು, ಕಾಲಿಗೆ ಬಲ ಹೇಗೆ ಬರುತ್ತದೆ ಅನ್ನುವುದರ ಬಗ್ಗೆ. ರಾತ್ರಿ ಮೂರು ಗಂಟೆಗೆ ಟೆಂಟಿನಲ್ಲಿ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬೈಕ್ ಅಂದರೆ ಮೋಟಾರ್ ಬೈಕ್ ಅಲ್ಲ, ಮೌಂಟನ್ ಬೈಕ್. ದಪ್ಪ ಟೈರಿನ, ಗುಡ್ಡ ಹತ್ತುವ ಸೈಕಲ್ಲು. ಇವತ್ತು ಮಧ್ಯಾಹ್ನ 12ಕ್ಕೆ ಶುರುವಾದರೆ ನಾಳೆ ಮಧ್ಯಾಹ್ನ 12ರವರೆಗೆ ಟೀಮಿನವರು ಸರದಿಯ ಮೇಲೆ, ಒಂದು ಸಲಕ್ಕೆ ಒಬ್ಬರಂತೆ, ಹಾದಿಯಲ್ಲಿ ಸುತ್ತು ಹಾಕುತ್ತಾರೆ. ಒಬ್ಬ ಒಂದು ಸುತ್ತು ಮುಗಿಸಿ ಬಂದು ಮುಂದಿನವನಿಗೆ ಟೈಮಿಂಗ್ ಚಿಪ್ಪೋ ರಿಲೇ ಕೋಲೋ ಕೊಡುತ್ತಾನೆ, ಅವನು ಹೊರಡುತ್ತಾನೆ. ಯಾರ ಸುತ್ತು ಜಾಸ್ತಿಯೋ ಅವರು ಗೆದ್ದಂತೆ. 1992ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಕೆನಾನ್‌ನಲ್ಲಿ ಲೇರ್ಡ್ ನೈಟ್ ಎಂಬುವರು ಇಂಥದ್ದೊಂದು ರೇಸ್ ನಡೆಸಿದ ಮೇಲೆ ಇದು ಬೇರೆ ಕಡೆಗೂ ಹಬ್ಬಿತು. ಲೆ ಮಾನ್ಸ್ ಕಾರ್ ರೇಸಿನಲ್ಲಿ ಹಿಂದೆ ಡ್ರೈವರುಗಳು ಕಾರಿನ ಕಡೆ ಓಡಿ ಹತ್ತುತ್ತಿದ್ದರಲ್ಲ, ಹಾಗೇ ಇಲ್ಲೂ ಎಷ್ಟೋ ಕಡೆ ಮೊದಲು ಓಡಿ ಆಮೇಲೆ ಸೈಕಲ್ ಹತ್ತಬೇಕು. ಆ ಕಾರ್ ರೇಸಿನವರು ಅಪಾಯ ಅಂತ 1969ರ ನಂತರ ಆ ಓಟ ಬಿಟ್ಟರು. ಸೈಕಲಿನವರು ಇನ್ನೂ ಬಿಟ್ಟಿಲ್ಲ. ನಮ್ಮ ಕ್ಯಾಪ್ಟನ್ ಆ ಓಟದಲ್ಲೇ ಎಡವಿ ಮೊಣಕಾಲು ತರಚಿಕೊಂಡ. ನಾವೆಲ್ಲ ನಕ್ಕೆವು.

ನಾಲ್ಕು ಜನ, ಒಂದು ಸುತ್ತಿಗೆ ಹೆಚ್ಚು ಕಡಿಮೆ ಒಂದು ಗಂಟೆ. ಅಂದರೆ ಒಂದು ಗಂಟೆ ತುಳಿದರೆ ಮೂರು ಗಂಟೆ ವಿಶ್ರಾಂತಿ, ರಾತ್ರಿ ಆರಾಮಾಗಿ ಎರಡು ಸಲ ನಿದ್ದೆ ಮಾಡಬಹುದು ಅಂತ ಕಾಗದದ ಮೇಲೆ ಲೆಕ್ಕ ಹಾಕಿದ್ದೆವು. ಈ ಲೆಕ್ಕ ಸುಳ್ಳು. ದಯವಿಟ್ಟು ಯಾರೂ ನಂಬಬೇಡಿ. ಸುತ್ತು ಮುಗಿಸಿ ಬಂದ ಮೇಲೆ ಎದೆ ಬಡಿತ ಇಳಿಯಲು, ಟೆಂಟಿನವರೆಗೆ ಸೈಕಲ್ ತಳ್ಳಿಕೊಂಡು ಹೋಗಲು 15 ನಿಮಿಷ. ಒದ್ದೆ ಬಟ್ಟೆ ಬಿಚ್ಚಿ ಒಣ ಬಟ್ಟೆ ಹಾಕಲು 10. ಸೈಕಲ್ಲಿನ ಕೆಸರು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ನೋಡುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಹಸಿವಿರಲ್ಲ, ಆದರೂ ಏನಾದರೂ ನುಂಗಲೇಬೇಕು, ಇಲ್ಲದಿದ್ದರೆ ಮುಂದಿನ ಸುತ್ತಿನ ಅರ್ಧದಲ್ಲಿ ಕಾಲು ಸೋಲುತ್ತದೆ. ಮಲಗಿದರೆ ಕಣ್ಣು ಮುಚ್ಚುತ್ತದೆ ಹೊರತು ಹಾದಿ ಕಣ್ಣೊಳಗೆ ಓಡುತ್ತಲೇ ಇರುತ್ತದೆ, ಕಲ್ಲು, ಬೇರು, ತಿರುವು. ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಎದ್ದು, ಬಟ್ಟೆ ಹಾಕಿ, ಕಾಲು ಗಂಟೆ ಮೊದಲೇ ಹೋಗಿ ನಿಲ್ಲಬೇಕು, ಯಾಕೆಂದರೆ ಬರುವವನು ಬೇಗ ಬಂದರೆ ನಿಮ್ಮ ಹೆಸರು ಹಿಡಿದು ಕಿರುಚುತ್ತಾನೆ. ಮೂರು ಗಂಟೆಯಲ್ಲಿ ನನಗೆ ಸಿಕ್ಕ ನಿಜವಾದ ನಿದ್ದೆ 40 ನಿಮಿಷ. ಅದೂ ಇಡೀ ರಾತ್ರಿಗೆ ಒಂದೇ ಸಲ.

ಅನುಭವ ಇರುವ ಟೀಮುಗಳು ರಾತ್ರಿ ಹೊತ್ತು ಒಬ್ಬೊಬ್ಬರು ಎರಡೆರಡು ಸುತ್ತು ಒಟ್ಟಿಗೆ ಹೊಡೆಯುತ್ತಾರೆ ಅಂತ ನಮಗೆ ಆಮೇಲೆ ಗೊತ್ತಾಯಿತು. ಎರಡನೇ ಸುತ್ತು ನಿಧಾನ ಆಗುತ್ತದೆ ನಿಜ, ಆದರೆ ಉಳಿದವರಿಗೆ ಆರು ಗಂಟೆ ಸಿಗುತ್ತದೆ. ಆರು ಗಂಟೆಯಲ್ಲಿ ನಾಲ್ಕು ಗಂಟೆ ನಿದ್ದೆ ಮಾಡಿದವನಿಗೂ 40 ನಿಮಿಷ ಮಾಡಿದವನಿಗೂ ತುಂಬಾ ವ್ಯತ್ಯಾಸ ಇದೆ.

ಸಂಜೆ ಏಳಕ್ಕೆ ಮಳೆ ಬಂತು. ಎರಡು ಗಂಟೆ ಸುರಿದು ನಿಂತಿತು, ಆದರೆ ಹಾದಿ ಕೆಸರಾಗಿ ಹೋಯಿತು, ಚಳಿ ಏರಿತು. ಕೆಸರಿನಲ್ಲಿ ಮೊದಲು ಸವೆಯುವುದು ಬ್ರೇಕ್ ಪ್ಯಾಡು, ಅದರಲ್ಲೂ ರೆಸಿನ್ ಪ್ಯಾಡು, ಅಂದರೆ ರಾಳದಂಥ ಅಂಟಿನಲ್ಲಿ ಕಟ್ಟಿದ ಮೆತ್ತನೆಯ ಪ್ಯಾಡು. ಮಣ್ಣು ಸ್ಯಾಂಡ್‌ಪೇಪರಿನ ಹಾಗೆ ಉಜ್ಜುತ್ತದೆ, ಒಂದೇ ದಿನದಲ್ಲಿ ಪ್ಯಾಡು ಮುಗಿದು ಕಬ್ಬಿಣ ತಾಗಬಹುದು. ಲೋಹದ ಪುಡಿ ಬೆರೆಸಿ ಮಾಡಿದ ಪ್ಯಾಡು ಇಂಥ ಕಡೆ ಜಾಸ್ತಿ ಬಾಳಿಕೆ ಬರುತ್ತದೆ. ನಮ್ಮ ನಾಲ್ಕೂ ಸೈಕಲ್ಲಿನಲ್ಲಿ ಇದ್ದದ್ದು ರೆಸಿನ್. ಟೀಮಿಗೆಲ್ಲ ಸೇರಿ ಸ್ಪೇರ್ ಒಂದೇ ಜೊತೆ. ಹತ್ತು ಗಂಟೆ ಸುಮಾರಿಗೆ ಕ್ಯಾಪ್ಟನ್ ಅದನ್ನು ತನ್ನ ಸೈಕಲ್ಲಿಗೆ ಹಾಕಿಕೊಂಡ. ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಹೇಳಲು ಎಚ್ಚರವಾಗಿ ಯಾರೂ ಇರಲಿಲ್ಲ, ಅಷ್ಟೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ರಾತ್ರಿಯ ಸುತ್ತಿಗೆ ಎರಡು ಲೈಟು ಬೇಕು. ಹ್ಯಾಂಡಲ್ ಮೇಲಿನದು ತಗ್ಗಿನಿಂದ ಬೆಳಕು ಬಿಡುವುದರಿಂದ ಕಲ್ಲಿನ ನೆರಳು ಕಾಣುತ್ತದೆ, ಹಳ್ಳ ದಿಣ್ಣೆ ಗೊತ್ತಾಗುತ್ತದೆ. ಹೆಲ್ಮೆಟ್ ಮೇಲಿನದು ನೀವು ನೋಡಿದ ಕಡೆ ತಿರುಗುತ್ತದೆ, ತಿರುವಿನಲ್ಲಿ ಅದಿಲ್ಲದಿದ್ದರೆ ಕುರುಡೇ. ಶುರುವಿನ ಮೊದಲು ತಪಾಸಣೆಯಲ್ಲಿ ನಾನು ಎರಡನ್ನೂ ತೋರಿಸಿ ಸೈ ಅನ್ನಿಸಿಕೊಂಡಿದ್ದೆ. ಆಮೇಲೆ ಹೆಲ್ಮೆಟ್ ಭಾರ, ಕುತ್ತಿಗೆ ನೋವು ಅಂತ ಒಂದನ್ನು ಬಿಚ್ಚಿ ಚೀಲಕ್ಕೆ ಹಾಕಿದೆ. ಮೂರನೇ ಸುತ್ತಿಗೇನೂ ತೊಂದರೆ ಆಗಲಿಲ್ಲ, ಹಾಗಾಗಿ ಧೈರ್ಯ ಬಂತು.

ನಾಲ್ಕನೇ ಸುತ್ತಿಗೆ ಎದ್ದಾಗ ಎರಡೂವರೆ. ನಿದ್ದೆಯಿಂದ ಎಬ್ಬಿಸಿದ ಮೊದಲ 15-20 ನಿಮಿಷ ತಲೆ ನಮ್ಮದಾಗಿರುವುದಿಲ್ಲ, ಕೈಕಾಲು ಆಡುತ್ತವೆ, ಬುದ್ಧಿ ಆಡುವುದಿಲ್ಲ. ಆ ಸ್ಥಿತಿಯಲ್ಲಿ ಚೀಲಕ್ಕೆ ಕೈ ಹಾಕಿ ಸಿಕ್ಕಿದ ಬ್ಯಾಟರಿ ತೆಗೆದುಕೊಂಡೆ. ಎಲ್ಲವೂ ಒಂದೇ ಥರದ ಕಪ್ಪು ಡಬ್ಬಿ. ಚಾರ್ಜ್ ಆದದ್ದಕ್ಕೆ ಒಂದು ಟೇಪು ಸುತ್ತಿರಲಿಲ್ಲ. ಪಕ್ಕದಲ್ಲಿರುವ ಗುಂಡಿ ಒತ್ತಿದ್ದರೆ ನಾಲ್ಕು ದೀಪದಲ್ಲಿ ಎಷ್ಟು ಹತ್ತುತ್ತವೆ ಅಂತ ಕಾಣುತ್ತಿತ್ತು. ಒತ್ತಲಿಲ್ಲ.

20 ನಿಮಿಷಕ್ಕೆ ಲೈಟು ಮಂಕಾಯಿತು. ಎರಡು ಸಲ ಮಿಣುಕಿ ಆರಿಹೋಯಿತು. ಇಳಿಜಾರಿನ ಮಧ್ಯ, ಎರಡು ಕಡೆ ಮರ. ಹಿಂದಿನಿಂದ ಬಂದ ಒಬ್ಬರ ಬೆಳಕು ಹಿಡಿದು ಹೋಗೋಣ ಅಂತ ನೋಡಿದೆ, ಎರಡು ತಿರುವು ಕಳೆಯುವಷ್ಟರಲ್ಲಿ ಅವರು ಮಾಯ. ಆಮೇಲೆ ಬಂದವರೆಲ್ಲ "ಓಕೆನಾ?" ಅಂತ ಕೇಳುತ್ತಿದ್ದರು, ನಾನು "ಓಕೆ ಓಕೆ" ಅನ್ನುತ್ತಿದ್ದೆ. ಸುಮ್ನೆ ಮರ್ಯಾದೆ ಪ್ರಶ್ನೆ. ಅವರಲ್ಲಿ ಒಬ್ಬರಿಗೆ, "ಮುಂದೆ ಸಿಗುವ ಮಾರ್ಷಲ್‌ಗೆ ನನ್ನ ನಂಬರ್ ಹೇಳಿ, ನಮ್ಮ ಟೀಮಿನವರಿಗೆ ತಡ ಆಗುತ್ತೆ ಅಂತ ತಿಳಿಸಿ" ಅಂದಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ. (ಮಾರ್ಷಲ್ ಅಂದರೆ ಹಾದಿ ನೋಡಿಕೊಳ್ಳಲು ಅಲ್ಲಲ್ಲಿ ನಿಂತಿರುವ ಆಯೋಜಕರ ಕಡೆಯವರು.) ಫೋನಿನ ಟಾರ್ಚ್ ಹಿಡಿದು, ಸೈಕಲ್ ತಳ್ಳಿಕೊಂಡು, ಸುಮಾರು ಐದು ಕಿಲೋಮೀಟರ್ ನಡೆದೆ. ಒಂದು ಗಂಟೆಯ ಸುತ್ತಿಗೆ ನನಗೆ ಹಿಡಿದದ್ದು ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ.

ಅಷ್ಟು ಹೊತ್ತೂ ನಾಲ್ಕನೆಯವನು ಕಾಯುತ್ತಾ ನಿಂತಿದ್ದ. ಹತ್ತು ನಿಮಿಷದಲ್ಲಿ ನಾನು ಬರುತ್ತೇನೆ ಅಂದುಕೊಂಡು ಜಾಕೆಟ್ಟನ್ನು ಟೆಂಟಿನಲ್ಲೇ ಬಿಟ್ಟು ಬಂದಿದ್ದ. ಜಾಗ ಬಿಟ್ಟು ಹೋಗಿ ತರೋಣ ಅಂದರೆ ಅಷ್ಟರಲ್ಲಿ ನಾನು ಬಂದುಬಿಟ್ಟರೆ? ಹೀಗೇ ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ಒಂದು ಗಂಟೆ, ಹಿಂದಿನ ಸುತ್ತಿನಿಂದ ಇನ್ನೂ ಪೂರ್ತಿ ಒಣಗದ ಬಟ್ಟೆಯಲ್ಲಿ. ನಾನು ಬಂದಾಗ ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಹೆಲ್ಮೆಟ್ ಬಕಲ್ ಹಾಕಲು ಒದ್ದಾಡುತ್ತಿದ್ದ, ಬೆರಳು ಬಗ್ಗುತ್ತಿರಲಿಲ್ಲ. "ಏನಪ್ಪಾ, ಬಕಲ್ ಹಾಕೋಕೂ ಬರಲ್ವಾ" ಅಂತ ತಮಾಷೆ ಮಾಡಿ ನಾನೇ ಹಾಕಿಕೊಟ್ಟೆ. ಅವನು ಏನೋ ಅಂದ, ನಾಲಿಗೆ ತೊದಲುತ್ತಿತ್ತು, ನಿದ್ದೆಗಣ್ಣು ಅಂದುಕೊಂಡೆ. ಬೆನ್ನು ತಟ್ಟಿ ಕಳಿಸಿದೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ನಡುಕ, ಕೈ ಹಿಡಿತಕ್ಕೆ ಬಾರದಿರುವುದು, ಮಾತು ತೊದಲುವುದು, ಇವು ಮೈ ಒಳಗಿನ ಬಿಸಿ ಇಳಿಯುತ್ತಿದೆ ಅನ್ನುವುದರ ಗುರುತು. ಮೈ ಒಳಗಿನ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಅದು ಹೈಪೋಥರ್ಮಿಯಾ. ಅದಕ್ಕೆ ಹಿಮ ಬೀಳಬೇಕಾಗಿಲ್ಲ, ಒದ್ದೆ ಬಟ್ಟೆ, ಗಾಳಿ, ದಣಿವು, ಖಾಲಿ ಹೊಟ್ಟೆ ಸೇರಿದರೆ ಸಾಕು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಆರೋಗ್ಯವಂತರ ಮೈ ಬಿಸಿ ಕೂಡ ದಿನದಲ್ಲೇ ಕಡಿಮೆ ಮಟ್ಟದಲ್ಲಿರುತ್ತದೆ. ಹೆಲ್ಮೆಟ್ ಬಕಲ್ ಹಾಕಲು ಆಗದ ಕೈ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಹೇಗೆ ಸಾಧ್ಯ ಅಲ್ವಾ? ಈಗ ಕೂತು ಯೋಚಿಸಿದರೆ ಸಣ್ಣ ಮಗುವಿಗೂ ಹೊಳೆಯುತ್ತದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಸ್ಲೀಪಿಂಗ್ ಬ್ಯಾಗು. ನಿಯಮದ ಪ್ರಕಾರ ನಾವು ಒಂದು ಗಂಟೆ ಸುಮ್ಮನೆ ಕೂತಿದ್ದರೂ ಯಾರೂ ಹೊರಗೆ ಹಾಕುತ್ತಿರಲಿಲ್ಲ. ಒಂದು ಸುತ್ತು ಕಡಿಮೆ ಆಗುತ್ತಿತ್ತು, ಅಷ್ಟೆ.

ಮೊದಲ ದೊಡ್ಡ ಇಳಿಜಾರಿನ ಕೊನೆಯ ತಿರುವಿನಲ್ಲಿ ಅವನು ಬಿದ್ದ. ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಒತ್ತಿದರೂ ಸೈಕಲ್ ನಿಲ್ಲಲಿಲ್ಲವಂತೆ, ಪ್ಯಾಡು ಮುಗಿದಿತ್ತು. ಹಾದಿ ಬಿಟ್ಟು ನೇರ ಕೆಳಗೆ ಜಾರಿದ. ಬಿದ್ದ ಹೊಡೆತಕ್ಕೆ ಲೈಟಿನ ವೈರು ಬ್ಯಾಟರಿಯಿಂದ ಕಿತ್ತು ಬಂತು. ಒಂದೇ ಕೈಯಲ್ಲಿ, ಮರಗಟ್ಟಿದ ಬೆರಳಲ್ಲಿ ಅದನ್ನು ಮತ್ತೆ ಸೇರಿಸಲು ಆಗಲಿಲ್ಲ. ಹಿಂದುಗಡೆ ಕೆಂಪು ಲೈಟು ಇರಲಿಲ್ಲ, ಯಾಕೆಂದರೆ ನಾವು ಅದನ್ನು ಸುಮ್ನೆ ಭಾರ ಅಂದುಕೊಂಡಿದ್ದೆವು. ಸೀಟಿ ಇರಲಿಲ್ಲ. ಮೇಲಿನಿಂದ ಸೈಕಲ್ಲುಗಳು ಹೋಗುತ್ತಲೇ ಇದ್ದವು, ಇವನು ಕೂಗುತ್ತಲೇ ಇದ್ದ, ಆದರೆ ಇಳಿಜಾರಿನಲ್ಲಿ ಹೋಗುವವರ ಕಿವಿಯಲ್ಲಿ ಗಾಳಿ ಮತ್ತು ಟೈರಿನ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಕೊನೆಗೆ ಚೈನು ಸಿಕ್ಕಿಹಾಕಿಕೊಂಡು ಅದೇ ತಿರುವಿನಲ್ಲಿ ನಿಂತ ಬೇರೆ ಟೀಮಿನ ಹುಡುಗಿಯೊಬ್ಬಳಿಗೆ ಕೇಳಿಸಿತು. ಅವಳ ಚೈನು ಕೈಕೊಡದಿದ್ದರೆ ಬೆಳಗಾಗುವವರೆಗೆ ಅವನು ಅಲ್ಲೇ ಇರುತ್ತಿದ್ದ. ಅವಳು ತನ್ನ ಜಾಕೆಟ್ ಬಿಚ್ಚಿ ಅವನಿಗೆ ಹೊದಿಸಿ, ಮಾರ್ಷಲ್ ಬರುವವರೆಗೂ ಮಾತಾಡಿಸುತ್ತಾ ಕೂತಿದ್ದಳಂತೆ. ಅವಳ ಟೀಮಿಗೂ ಆ ಸುತ್ತು ಹೋಯಿತು.

ಇತ್ತ ಹ್ಯಾಂಡೋವರ್ ಜಾಗದಲ್ಲಿ ನಮ್ಮ ಕ್ಯಾಪ್ಟನ್ ಗಡಿಯಾರ ನೋಡುತ್ತಾ ನಿಂತಿದ್ದ. ನಾನು ತಡವಾಗಿ ಬಂದಿದ್ದೂ ಅವನಿಗೆ ಗೊತ್ತಿರಲಿಲ್ಲ. ನಾಲ್ಕನೆಯವನು ಎಷ್ಟು ಗಂಟೆಗೆ ಹೊರಟ ಅನ್ನುವುದು ಗೊತ್ತಿದ್ದವನು ನಾನೊಬ್ಬನೇ, ನಾನು ಮಲಗಿದ್ದೆ. ಹಾಗಾಗಿ ಅವನು ತಡ ಆಗಿದ್ದಾನೋ ಇಲ್ಲವೋ ಅಂತ ಹೇಳಲು ನಮ್ಮ ಹತ್ತಿರ ಲೆಕ್ಕವೇ ಇರಲಿಲ್ಲ. ಒಂದು ರಟ್ಟು, ಒಂದು ಮಾರ್ಕರ್ ಪೆನ್ನು, ಹೊರಟ ಹೊತ್ತು ಮತ್ತು ಬಂದ ಹೊತ್ತು, ಇಷ್ಟು ಬೇಕಿತ್ತು. ಆಯೋಜಕರ ಮೇಲೂ ನನಗೆ ಸಿಟ್ಟಿದೆ. ಅಂಥ ತಿರುವಿನಲ್ಲಿ ರಾತ್ರಿ ಒಬ್ಬ ಮಾರ್ಷಲ್ ಇರಬೇಕಿತ್ತು. ಆದರೆ ನಾವೇ ಹುಡುಕದವನನ್ನು ಅವರು ಹುಡುಕಲಿಲ್ಲ ಅಂತ ಜೋರಾಗಿ ಹೇಳಲು ಬಾಯಿ ಬರುವುದಿಲ್ಲ.

ಹೋಗುವವರು ಹೋಗಿ, ಬೇಡ ಅನ್ನಲ್ಲ. ಆದರೆ ಸೈಕಲ್ ತುಳಿಯದ ಒಬ್ಬರನ್ನು ಕರೆದುಕೊಂಡು ಹೋಗಿ. ಅಣ್ಣ, ತಂಗಿ, ಗೆಳೆಯ, ಯಾರಾದರೂ. ಬ್ಯಾಟರಿ, ಪ್ಯಾಡು, ಹೊತ್ತಿನ ಲೆಕ್ಕ ಅವರ ಕೈಯಲ್ಲಿರಲಿ, ಹೊರಡುವವನ ಮುಖ ನೋಡಿ "ನೀನು ಹೋಗಬೇಡ" ಅನ್ನುವ ಅಧಿಕಾರವೂ ಅವರಿಗಿರಲಿ. ಬರಬೇಕಾದವನು 15 ನಿಮಿಷ ತಡ ಆದರೆ ಮಾರ್ಷಲ್‌ಗೆ ಹೇಳುವುದು ಅಂತ ಮೊದಲೇ ಮಾತಾಡಿಕೊಳ್ಳಿ, ಆ ಹೊತ್ತಿನಲ್ಲಿ ಯೋಚಿಸಿ ತೀರ್ಮಾನ ಮಾಡುತ್ತೇವೆ ಅಂದುಕೊಳ್ಳಬೇಡಿ, ಆ ಹೊತ್ತಿನಲ್ಲಿ ಯಾರೂ ಯೋಚಿಸುವುದಿಲ್ಲ. ಕಾಯುವವನು ಮೇಲೊಂದು ದಪ್ಪ ಜಾಕೆಟ್ ಹಾಕಿಕೊಂಡೇ ನಿಲ್ಲಲಿ. ಸೀಟಿ ಎಲ್ಲರ ಕೊರಳಲ್ಲಿರಲಿ.

ಅವನ ಮೂಳೆ ಕೂಡಿದೆ, ಈಗ ಮತ್ತೆ ಸೈಕಲ್ ತುಳಿಯುತ್ತಿದ್ದಾನೆ. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಟೀಮಿನ ಮುಂದೆ 15 ಸುತ್ತು ಅಂತ ಇದೆ. ಅವನನ್ನು ಕರೆದುಕೊಂಡು ಹೋದ ಮೇಲೆ ನಾವು ಟೆಂಟು ಬಿಚ್ಚಿದೆವು. ನನ್ನ ಸ್ಲೀಪಿಂಗ್ ಬ್ಯಾಗ್ ಸುತ್ತುವಾಗ ಕಾಲಿನ ಬುಡದಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಬ್ಯಾಟರಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ ಅಂತ ಎಲ್ಲೋ ಓದಿದ್ದೆ, ಬೆಚ್ಚಗಿರಲಿ ಅಂತ ರಾತ್ರಿ ನಾನೇ ಅಲ್ಲಿಟ್ಟು ಮರೆತಿದ್ದೆ. ಗುಂಡಿ ಒತ್ತಿದೆ. ನಾಲ್ಕೂ ದೀಪ ಹತ್ತಿದವು.